ಬೂದು ಬಣ್ಣದ ‘ಬೇಡ’

ನಿನ್ನೆ ರಾತ್ರಿ ಒಂದು ಆ್ಯಪ್‌ನ ಚಂದಾ ನಿಲ್ಲಿಸೋಣ ಅಂತ ಕೂತೆ. ಪರದೆಯ ಈ ತುದಿಯಿಂದ ಆ ತುದಿಗೆ ಒಂದು ಹಸಿರು ಬಟನ್. ಮೂಲೆಗಳು ದುಂಡಗೆ, ಅಕ್ಷರ ದಪ್ಪಗೆ: ‘ಹೌದು, ಮುಂದುವರಿಸಿ’. ‘ಬೇಡ’ ಎಲ್ಲಿದೆ? ಕನ್ನಡಕ ಹುಡುಕಿ ಹಾಕಿಕೊಂಡೆ. ಹಸಿರಿನ ಕೆಳಗೆ, ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ, ಇರುವೆ ಸಾಲು ಹೋದ ಹಾಗೆ ಏನೋ ಇತ್ತು. ಅದೂ ಬರೀ ‘ಬೇಡ’ ಅಲ್ಲ. ‘ಬೇಡ, ನನಗೆ ಹಣ ಉಳಿಸುವ ಆಸೆ ಇಲ್ಲ’. ಹೊರಗೆ ಹೋಗುವವರು ‘ನಾನು ದಡ್ಡ’ ಅಂತ ಬರೆದುಕೊಟ್ಟೇ ಹೋಗಬೇಕು.

ಡಿಸೈನ್ ಬಾರದವರ ಕೆಲಸ ಅಂತ ಮಾತ್ರ ಬೈಯಬೇಡಿ. ದೊಡ್ಡದು ಮೊದಲು ಕಣ್ಣಿಗೆ ಬೀಳುತ್ತದೆ, ಹಿನ್ನೆಲೆಗಿಂತ ಗಾಢವಾದದ್ದು ಎದ್ದು ಕಾಣುತ್ತದೆ, ಸುತ್ತ ಒಂದು ಆಕಾರ ಇದ್ದರೆ ಬೆರಳು ತಾನಾಗಿ ಅತ್ತ ಹೋಗುತ್ತದೆ. ಮೂರು ಪಾಠವೂ ಬಾಯಿಪಾಠ ಆಗಿದೆ ಇವರಿಗೆ. ‘ಹೌದು’ಗೆ ಮೂರನ್ನೂ ಧಾರೆಯೆರೆದಿದ್ದಾರೆ. ‘ಬೇಡ’ದಿಂದ ಮೂರನ್ನೂ ಕಿತ್ತುಕೊಂಡಿದ್ದಾರೆ. ವೆಬ್‌ಗೆ ಒಂದು ಮಾನದಂಡ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ಅಂತರ, ಬೇಕು. ಬಿಳಿಯ ಮೇಲೆ ಅಚ್ಚ ಕಪ್ಪು ಅಂದರೆ 21:1. ನನ್ನ ‘ಬೇಡ’ವನ್ನು ಅಳೆದು ನೋಡಿದೆ. ಎರಡರ ಆಸುಪಾಸು. ಎರಡಾದರೂ ಯಾಕೆ ಕೊಟ್ಟರೋ, ದಾನಶೂರರು.

ಸುಮ್ನೆ ಪೆದ್ದುತನದಿಂದಲೂ ಹೀಗಾಗುವುದುಂಟು, ಇಲ್ಲ ಅನ್ನಲ್ಲ. 2017ರ ಆಸ್ಕರ್ ನೆನಪಿದೆ ಅಲ್ವಾ? ‘ಅತ್ಯುತ್ತಮ ಚಿತ್ರ’ ಯಾವುದು ಅಂತ ಹೇಳಲು ವೇದಿಕೆಗೆ ಬಂದ ನಟ ವಾರೆನ್ ಬೀಟಿ, ನಟಿ ಫೇ ಡನವೇ ಕೈಗೆ ಬಂದದ್ದು ತಪ್ಪು ಲಕೋಟೆ, ಸರಿ. ಆದರೆ ಒಳಗಿನ ಕಾರ್ಡಿನ ನೆತ್ತಿಯ ಮೇಲೆ ‘ಆಸ್ಕರ್’ ಅಂತ ಇತ್ತು. ಆ ಸಭಾಂಗಣದಲ್ಲಿ ಕೂತವರು ಎಲ್ಲಿ ಬಂದಿದ್ದೇವೆ ಅಂತ ಮರೆತಿದ್ದರೇನೋ ಪಾಪ. ‘ಅತ್ಯುತ್ತಮ ನಟಿ’ ಅನ್ನುವ ನಿಜವಾಗಿ ಬೇಕಾದ ಮಾತು ತಳದಲ್ಲಿ, ಕಡ್ಡಿಯಷ್ಟು ಅಕ್ಷರದಲ್ಲಿ. ಬೀಟಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಡನವೇ, ಗೆದ್ದ ನಟಿಯ ಹೆಸರಿನ ಜೊತೆಗಿದ್ದ ಚಿತ್ರದ ಹೆಸರು ನೋಡಿ, ‘ಲಾ ಲಾ ಲ್ಯಾಂಡ್’ ಅಂದೇಬಿಟ್ಟರು. ಗೆದ್ದದ್ದು ‘ಮೂನ್‌ಲೈಟ್’. ಆದರೆ ಅಲ್ಲಿ ಯಾರ ಜೇಬಿನಿಂದಲೂ ತಿಂಗಳು ತಿಂಗಳು ದುಡ್ಡು ಕತ್ತರಿಸಿ ಹೋಗಲಿಲ್ಲ.

ಇಲ್ಲಿ ಹೋಗುತ್ತದೆ. ಪ್ರೈಮ್ ಚಂದಾ ಬಿಡುವ ದಾರಿಗೆ ಅಮೆಜಾನ್‌ನವರು ಒಳಗೊಳಗೇ ‘ಇಲಿಯಡ್’ ಅಂತ ಹೆಸರಿಟ್ಟುಕೊಂಡಿದ್ದರು ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಸರಕಾರಿ ಸಂಸ್ಥೆ ಎಫ್‌ಟಿಸಿ 2023ರ ದೂರಿನಲ್ಲೇ ಬರೆಯಿತು. ಟ್ರಾಯ್ ಯುದ್ಧದ ಉದ್ದುದ್ದನೆಯ ಗ್ರೀಕ್ ಮಹಾಕಾವ್ಯ! ಹೆಸರಿಡುವಾಗಲಾದರೂ ನಿಜ ಹೇಳಿದ್ದಾರೆ. 2025ರಲ್ಲಿ 250 ಕೋಟಿ ಡಾಲರ್‌ಗೆ ರಾಜಿ ಆಯಿತು, ತಪ್ಪು ಒಪ್ಪಿಕೊಳ್ಳದೆಯೇ.

ನಕ್ಕು ನಕ್ಕು ಸಾಕಾಗಿದೆ. ಇದು ಕಣ್ಣು ಮಂಜಾದವರ, ಅವಸರದಲ್ಲಿರುವವರ, ಓದಲು ತಡವರಿಸುವವರ ದುಡ್ಡು. ಅವರಿಗೆ ಕಾಣಬಾರದು ಅಂತಲೇ ಯಾರೋ ಒಬ್ಬರು ಕೂತು, ನಾಲ್ಕು ಬೂದು ಬಣ್ಣ ಪಕ್ಕಪಕ್ಕ ಇಟ್ಟು, ಎಲ್ಲಕ್ಕಿಂತ ತೆಳುವಾದದ್ದನ್ನು ಆರಿಸಿದ್ದಾರೆ. ಅದಕ್ಕೆ ಸಂಬಳವನ್ನೂ ತಗೊಂಡಿದ್ದಾರೆ.

ಅಂತೂ ಬೂದು ಸಾಲನ್ನು ಒತ್ತಿದೆ. ‘ಖಂಡಿತಾನಾ?’ ಅಂತ ಇನ್ನೊಂದು ಪರದೆ ಬಂತು. ಬೂದು ಸಾಲು ಇದ್ದ ಜಾಗಕ್ಕೆ ಈಗ ಹಸಿರು ಬಟನ್ ಇಳಿದಿತ್ತು. ಬೆರಳು ಮಾತ್ರ ಅಲ್ಲೇ ಇತ್ತು.

ಮುಂದಿನ ವರ್ಷದವರೆಗೆ ಚಂದಾ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ.