ಸತ್ತ ಕ್ಯಾಮೆರಾ ಅನ್ನೋ ಮಹಾನುಭಾವರಿಗೆ

ಇವತ್ತು ತಲೆ ಕೆಟ್ಟಿದೆ. ಬರಹ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಿ.

ಬೆಳಿಗ್ಗೆ ಧಾರವಾಡದ ಕೆಲಗೇರಿ ಕೆರೆ ಕಡೆ ಹೋಗಿದ್ದೆ. ಭಾನುವಾರ ನಾನು ಎಲ್ಲಿರ್ತೀನಿ ಅಂತ ನಿಮಗೆಲ್ಲ ಗೊತ್ತೇ ಇದೆ. ಮನೆಯವರೂ ಈಗ ಕೇಳೋದು ಬಿಟ್ಟಿದ್ದಾರೆ. ದಂಡೆ ಮೇಲೆ ಒಬ್ಬ ಹುಡುಗಿ ನಿಂತಿದ್ದಳು, ಕಾಲೇಜು ಓದೋ ವಯಸ್ಸು. ಕೈಯಲ್ಲಿ ನಿಕಾನ್ ಡಿ3400, ಒಳಗೆ ಕನ್ನಡಿ ಇರೋ ಹಳೇ ಥರದ ಡಿಎಸ್‌ಎಲ್‌ಆರ್ ಕ್ಯಾಮೆರಾ. ಸೆಕೆಂಡ್ ಹ್ಯಾಂಡ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಪಟ್ಟಿಯ ಒಳಬದಿಗೆ ಯಾವುದೋ ಸ್ಟುಡಿಯೋ ಹೆಸರು ಮಾರ್ಕರ್‌ನಲ್ಲಿ ಬರೆದಿತ್ತು, ಅರ್ಧ ಅಳಿಸಿ ಹೋಗಿತ್ತು. ಎಡಗೈಯನ್ನು ಲೆನ್ಸ್ ಕೆಳಗೆ ಕೊಟ್ಟು, ಮೊಣಕೈ ಎರಡೂ ಎದೆಗೆ ಒತ್ತಿಕೊಂಡು, ಉಸಿರು ಹಿಡಿದು ಒಂದು ನೀರುಕಾಗೆಯನ್ನು ನೋಡುತ್ತಿದ್ದಳು. ಹಿಡಿಯೋ ರೀತಿ ಯಾರೋ ಸರಿಯಾಗಿ ಹೇಳಿಕೊಟ್ಟಿದ್ದರು. ಮನಸ್ಸಿಗೆ ಖುಷಿ ಆಯ್ತು.

ಅಷ್ಟರಲ್ಲಿ ಬಂದರು ನೋಡಿ ನಮ್ಮ ಮಹಾನುಭಾವರು. ಬೆನ್ನಿಗೆ ದೊಡ್ಡ ಬ್ಯಾಗು, ಕೈಯಲ್ಲಿ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ), ಮುಂದೆ ದುಬಾರಿ ಬಿಳಿ ಲೆನ್ಸ್. ಪರಿಚಯ ಇಲ್ಲ, ಪಾಡಿಲ್ಲ, ಸೀದಾ ಶುರು.

"ಏನ್ ತಂಗಿ, ಡಿಎಸ್‌ಎಲ್‌ಆರ್ ತಗೊಂಡೀಯಲ್ಲ? ಅದು ಸತ್ತು ಹೋಗೇತಿ. ರೊಕ್ಕಾ ಹಾಳ ಮಾಡ್ಕೊಂಡಿ ನೋಡು."

"ಹೌದ್ರಿ ಸರ" ಅಂದಳು. ಕ್ಯಾಮೆರಾ ಆಫ್ ಮಾಡಿ ಲೆನ್ಸಿಗೆ ಮುಚ್ಚಳ ಹಾಕಿದಳು. ನೀರುಕಾಗೆ ಪಾಪ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಅಲ್ಲೇ ಕೂತಿತ್ತು. ಅದಕ್ಕೆ ಯಾರೂ ಹೇಳಿರಲಿಲ್ಲ, ತನ್ನನ್ನು ನೋಡ್ತಿರೋ ಕ್ಯಾಮೆರಾ ಸತ್ತಿದೆ ಅಂತ.

ಏನ್ರೀ ಸತ್ತಿರೋದು? ಗುಂಡಿ ಒತ್ತಿದ್ರೆ ಕನ್ನಡಿ ಏಳಲ್ವಾ? ಶಟರ್ ತೆರೆಯಲ್ವಾ? 2016ರಲ್ಲಿ ಬಂದ ಆ ಕ್ಯಾಮೆರಾದಲ್ಲಿ 24 ಮೆಗಾಪಿಕ್ಸೆಲ್ ಸೆನ್ಸರ್ ಇದೆ. 8×12 ಇಂಚಿನ ಪ್ರಿಂಟ್ ಹಾಕಿಸೋಕೆ, ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ, 9 ಮೆಗಾಪಿಕ್ಸೆಲ್ ಕೂಡ ಪೂರ್ತಿ ಬೇಕಾಗಲ್ಲ. ಉಳಿದಿದ್ದೆಲ್ಲ ಬೋನಸ್. ಅದೂ ಅಲ್ಲದೆ ನಾವೆಲ್ಲ ಹಾಕೋದು ವಾಟ್ಸಾಪ್ ಸ್ಟೇಟಸ್‌ಗೆ. ಅಲ್ಲಿ ಲಕ್ಷದ ಕ್ಯಾಮೆರಾದ ಫೋಟೋನೂ ಅಷ್ಟೇ, ಇದೂ ಅಷ್ಟೇ.

ಒಪ್ಕೊಳ್ತೀನಿ, ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್‌ಗೆ ಅಂತ ಹೊಸ ಮೌಂಟ್ (ಲೆನ್ಸ್ ಕೂರೋ ಕೊಂಡಿ) ತಂದವು, ಆಮೇಲೆ ಅವರ ಗಮನ ಎಲ್ಲ ಮಿರರ್‌ಲೆಸ್ ಕಡೆಗೇ ಹೋಯ್ತು. ಮಿರರ್‌ಲೆಸ್‌ನ ಫೋಕಸ್ ಚುರುಕು, ಹಕ್ಕಿಯ ಕಣ್ಣನ್ನು ತಾನೇ ಹುಡುಕುತ್ತೆ. ಫೋಟೋ ಎಷ್ಟು ಬೆಳ್ಳಗಾಗುತ್ತೆ ಅಂತ ಒತ್ತೋ ಮುಂಚೆಯೇ ತೋರಿಸುತ್ತೆ. ಎಲ್ಲಾ ನಿಜ. ಆದ್ರೆ ಆ ಹುಡುಗಿ ಹತ್ರ ಇದ್ದ ರೊಕ್ಕ ಎಷ್ಟು ಅಂತ ಈ ಸಾಹೇಬರು ಕೇಳಿದ್ರಾ? ಆಮೇಲೆ ನಾನು ಮಾತಾಡಿಸಿದೆ. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಂತೆ, 20 ಸಾವಿರದ ಒಳಗೆ ತಗೊಂಡಿದ್ದಾಳೆ, ಕ್ಯಾಮೆರಾ ಜೊತೆ ಬರೋ ಮಾಮೂಲಿ 18-55 ಲೆನ್ಸ್ ಸಮೇತ. ಅಷ್ಟು ದುಡ್ಡಿಗೆ ಹೊಸ ಮಿರರ್‌ಲೆಸ್ ಯಾವ ಅಂಗಡಿಯಲ್ಲಿ ಕೊಡ್ತಾರೆ ತೋರಿಸಿ, ನಾನೂ ಬರ್ತೀನಿ.

ಇಷ್ಟು ಅಗ್ಗಕ್ಕೆ ಸಿಗ್ತಿರೋದೇ ನೀವೆಲ್ಲ ಸತ್ತಿದೆ ಅಂತ ಮಾರಿ ಹೋಗಿದ್ದಕ್ಕೆ ಕಣ್ರೀ. ಕಂಪನಿಗಳು ಬಿಟ್ಟವು, ದುಡ್ಡಿದ್ದೋರು ಬಿಟ್ಟರು, ಸ್ಟುಡಿಯೋದವರು ಬಿಟ್ಟರು. ಹಂಗಾಗಿ ಕಲಿಯೋರ ಕೈಗೆ ಬಂತು. ಲೆನ್ಸ್ ಕಥೆ ಇನ್ನೂ ಚೆಂದ. ಕ್ಯಾನನ್‌ನವರು 1987ರಲ್ಲಿ ಇಎಫ್ ಮೌಂಟ್ ತಂದರು. ಅವತ್ತಿನ ಇಎಫ್ ಲೆನ್ಸ್ ಇವತ್ತಿನ 1500ಡಿ ಕ್ಯಾಮೆರಾ ಮೇಲೆ ಕೂರುತ್ತೆ, ಫೋಕಸ್ಸೂ ಮಾಡುತ್ತೆ. ಅಷ್ಟು ವರ್ಷದ ಲೆನ್ಸ್‌ಗಳು ಊರೂರಿನ ಅಲ್ಮೇರಾಗಳಲ್ಲಿ ಬಿದ್ದಿವೆ. ಹೊಸ ಮೌಂಟ್‌ಗೆ ಅಷ್ಟು ಅಗ್ಗದ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ನೋಡಿ, ಗೊತ್ತಾಗುತ್ತೆ.

ನಿಕಾನ್‌ನಲ್ಲಿ ಮಾತ್ರ ಒಂದು ಸಣ್ಣ ಹಳ್ಳ ಇದೆ, ಬೀಳಬೇಡಿ. ಡಿ3000, ಡಿ5000 ಸಾಲಿನ ಬಾಡಿಗಳ (ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸ್ ಒಳಗೇ ಮೋಟಾರ್ ಇರಬೇಕು. ಎಎಫ್-ಎಸ್ ಅಂತ ಬರೆದಿದ್ದರೆ ಚಿಂತೆ ಇಲ್ಲ. ಹಳೇ 50ಎಂಎಂ 1.8 ಡಿ ಅಗ್ಗ ಅಂತ ತಗೊಂಡ್ರೆ ಜೀವನಪೂರ್ತಿ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಅಂಗಡಿಯವರು ಇದನ್ನು ಹೇಳ್ತಾರಾ? ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನ್ನ ತಮ್ಮನ ಗೆಳೆಯನಿಗೆ ಅದನ್ನೇ ಕೊಟ್ಟು ಕಳಿಸಿದ್ದರು. ಮೇಲೆ ಒಂದು ಬ್ಯಾಗು, ಗಾಳಿಗೆ ನಡುಗೋ ಟ್ರೈಪಾಡು ಫ್ರೀ. "ಏನ್ ಫೋಟೋ ತೆಗೀತಿ?" ಅಂತ ಮಾತ್ರ ಒಂದು ಮಾತು ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೊಂದೇ. ಲಕ್ಕುಂಡಿಗೆ ಹೋಗಿ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ತೆಗೀಬೇಕಾ? ಜೊತೆಗೆ ಬರೋ 18-55 ಸಾಕು. ಬಳಪದ ಕಲ್ಲಿನ ಮೇಲೆ ಓರೆ ಬಿಸಿಲು ಬೀಳೋ ಹೊತ್ತಿಗೆ ಹೋಗಬೇಕು, ಅಷ್ಟೇ. ನಡುಮಧ್ಯಾಹ್ನ ಹೋದ್ರೆ ಬಿಳಿ ಲೆನ್ಸ್ ಇದ್ದರೂ ಕೆತ್ತನೆ ಸಪ್ಪೆ. ಮನೆ ಮಕ್ಕಳು, ಅಜ್ಜಿ ಮುಖ, ಅಡುಗೆಮನೆಯ ಬೆಳಕು ಬೇಕಾ? ಕ್ಯಾನನ್‌ಗೆ 50ಎಂಎಂ 1.8 ಎಸ್‌ಟಿಎಂ, ನಿಕಾನ್‌ಗೆ 35ಎಂಎಂ 1.8 ಜಿ. ರೀಲ್ಸ್ ಹುಚ್ಚು ಇದ್ದರೆ ಕ್ಯಾನನ್ 200ಡಿ ಹುಡುಕಿ, ತಿರುಗೋ ಸ್ಕ್ರೀನ್ ಇದೆ, ಮೈಕ್ ಚುಚ್ಚೋಕೆ ಜಾಗ ಇದೆ. ಡಿ3400ಕ್ಕೆ ಮೈಕ್ ಜಾಗ ಇಲ್ಲ, 1500ಡಿಗೂ ಇಲ್ಲ. 3000ಡಿ ಬೇಡವೇ ಬೇಡ, ಲೆನ್ಸ್ ಕೂರೋ ಮೌಂಟೇ ಪ್ಲಾಸ್ಟಿಕ್.

ಮಾಗಡಿ ಕೆರೆ ಹೆಬ್ಬಾತು ಬೇಕು ಅಂದ್ರೆ ಮಾತು ಬೇರೆ. ಶಿರಹಟ್ಟಿ ತಾಲ್ಲೂಕಿನ ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಜಗತ್ತಿಗೇ ಮುಖ್ಯವಾದ ಜೌಗು ತಾಣ ಅನ್ನೋ ಗುರುತು) ಸಿಕ್ಕ ಮೇಲೆ ನಮ್ಮ ಕಡೆ ಎಲ್ಲರೂ ಪಕ್ಷಿತಜ್ಞರೇ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು 18-55ರಲ್ಲಿ ಇರುವೆ ಥರ ಕಾಣುತ್ತೆ. ಅಲ್ಲಿ ದೂರದ್ದನ್ನು ಹತ್ರ ತೋರಿಸೋ ಲೆನ್ಸ್, ಕನಿಷ್ಠ 55-250 ಅಥವಾ 70-300 ಬೇಕು. ಹಂಗಂತ ಬಾಡಿ ಮೇಲೆ ಎಲ್ಲಾ ದುಡ್ಡು ಸುರಿದು ಲೆನ್ಸಿಗೆ ಕೈ ಖಾಲಿ ಮಾಡ್ಕೊಂಡ್ರೆ ಹೆಬ್ಬಾತು ಹತ್ರ ಬರಲ್ಲ. ಹಳೇ ಬಾಡಿ, ಒಳ್ಳೇ ಲೆನ್ಸ್. ನನ್ನ ಲೆಕ್ಕ ಇಷ್ಟೇ.

ಬ್ಯಾಟರಿ ವಿಷಯ ಬಿಡೋಕೆ ಆಗಲ್ಲ. ಡಿ3400ಕ್ಕೆ ಒಂದು ಚಾರ್ಜಿಗೆ 1200 ಫೋಟೋ ಅಂತ ಕಂಪನಿ ಲೆಕ್ಕ, ಡಿ3500ಕ್ಕೆ 1550. ಅಗ್ಗದ ಮಿರರ್‌ಲೆಸ್‌ಗಳು ಸಾಮಾನ್ಯವಾಗಿ ಇದರ ಹತ್ತಿರಕ್ಕೂ ಬರಲ್ಲ, ಸ್ಕ್ರೀನ್ ಸದಾ ಉರೀತಾನೇ ಇರಬೇಕಲ್ಲ. ಸತ್ತಿರೋದು ದಿನವಿಡೀ ಓಡುತ್ತೆ, ಬದುಕಿರೋದು ಮಧ್ಯಾಹ್ನಕ್ಕೆ ಚಾರ್ಜರ್ ಹುಡುಕುತ್ತೆ. ಮಹಾನುಭಾವರ ಬ್ಯಾಗಿನಲ್ಲಿ ನಾಲ್ಕು ಬ್ಯಾಟರಿ ಇದ್ದವು, ಕಣ್ಣಾರೆ ನೋಡಿದೆ.

"ನಿನಗೆ ಹೊಟ್ಟೆಕಿಚ್ಚು ಬಿಡಪಾ" ಅಂತ ಯಾರೋ ಕಾಮೆಂಟ್ ಹಾಕೋದು ಗ್ಯಾರಂಟಿ. ಹೌದು, ಇದೆ. ಆ ಬಿಳಿ ಲೆನ್ಸ್ ನೋಡಿದ್ರೆ ನನ್ನ ಕಣ್ಣೂ ಅಲ್ಲೇ ನಿಲ್ಲುತ್ತೆ. ರಾತ್ರಿ ಮಲಗೋ ಮುಂಚೆ ಆನ್‌ಲೈನ್‌ನಲ್ಲಿ ಅದರ ರೇಟ್ ನೋಡ್ತೀನಿ, ಕಾರ್ಟಿಗೆ ಹಾಕ್ತೀನಿ, ತೆಗೀತೀನಿ, ಮಲಗ್ತೀನಿ. ಮನೆ ಸಾಲದ ಕಂತು ಮುಗಿಯೋವರೆಗೂ ಇದೇ ಗತಿ. ನನ್ನ ಡಿ5300ರ ಹಿಡಿಕೆ ರಬ್ಬರ್ ಕಿತ್ತು ಬಂದಿದೆ, ಗಮ್ ಹಚ್ಚಿ ಕೂಡಿಸಿದ್ದೀನಿ, ಬಿಸಿಲಿಗೆ ಮತ್ತೆ ಬಿಡುತ್ತೆ. ಆದ್ರೂ ಹೊಟ್ಟೆಕಿಚ್ಚು ಬೇರೆ, ಕಲಿಯೋ ಹುಡುಗಿಯ ಕೈಯಲ್ಲಿ ಲೆನ್ಸ್ ಮುಚ್ಚಿಸೋದು ಬೇರೆ.

ಈಗ ತಗೊಳ್ಳೋರಿಗೆ ಒಂದೆರಡು ಮಾತು. ಸೆಕೆಂಡ್ ಹ್ಯಾಂಡ್ ಅಂದ್ರೆ ಕಣ್ಣು ಮುಚ್ಚಿ ತಗೋಬೇಡಿ. ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡ್ರೆ ಅದು ಫಂಗಸ್, ಅಲ್ಲೇ ವಾಪಸ್ ಕೊಡಿ. ಧಾರವಾಡದ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಲೆನ್ಸ್ ಬಿಡುತ್ತಾ? ಲೆನ್ಸಿನ ಬೆಳಕಿನ ಕಿಂಡಿಯನ್ನು ಕಿರಿದು ಮಾಡಿ, ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕಿ ಕಂಡ್ರೆ ಸೆನ್ಸರ್ ಮೇಲೆ ಧೂಳು. ಅದನ್ನು ಸ್ವಚ್ಛ ಮಾಡಿಸಬಹುದು, ಆದ್ರೆ ಮುಖ ಸಪ್ಪೆ ಮಾಡಿ ರೇಟ್ ಇಳಿಸೋಕೆ ಒಳ್ಳೇ ಕಾರಣ. ನಿಕಾನ್ ಆದ್ರೆ ಈಗಷ್ಟೇ ತೆಗೆದ ಜೆಪೆಗ್‌ನಲ್ಲೇ ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋ ಲೆಕ್ಕ ಇರುತ್ತೆ. ಈ ದರ್ಜೆಯ ಕ್ಯಾಮೆರಾಗಳ ಶಟರ್‌ಗೆ ಸುಮಾರು 1 ಲಕ್ಷ ಫೋಟೋದ ಆಯಸ್ಸು ಅಂತ ಲೆಕ್ಕ. ಮದುವೆ ಸೀಸನ್‌ನಲ್ಲಿ ದುಡಿದ ಬಾಡಿ ಆದ್ರೆ ಇದನ್ನು ನೋಡದೆ ರೊಕ್ಕ ಬಿಚ್ಚಬೇಡಿ. ಮನೆಗೆ ತಂದ ಮೇಲೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ.

"ಮೊಬೈಲೇ ಸಾಕಲ್ಲ" ಅನ್ನೋರಿಗೆ ಉತ್ತರ ಕೊಡೋ ಶಕ್ತಿ ಇವತ್ತಿಲ್ಲ. ಸಾಕಾದೋರಿಗೆ ಸಾಕು. ಆರಾಮಾಗಿರಿ.

ಕೊನೇದಾಗಿ ಮಿರರ್‌ಲೆಸ್‌ಗೆ ಬಡ್ತಿ ಪಡೆದ ಗೆಳೆಯರಿಗೆ. ನಿಮ್ಮ ಹಳೇ ಡಿಎಸ್‌ಎಲ್‌ಆರ್ ಅಲ್ಮೇರಾದಲ್ಲಿ ಫಂಗಸ್ ತಿನ್ನುತ್ತಾ ಕೂತಿದೆ ಅಂತ ನನಗೆ ಗೊತ್ತು. ಕಲಿಯೋ ಹುಡುಗರು ದಿನಾ ಕೇಳ್ತಿದ್ದಾರೆ, ಕೊಡಿ. ಆದ್ರೆ ಕೊಡುವಾಗ ನಿಮ್ಮ ವರಸೆ ಬದಲಾಗೋದು ನೋಡಿದ್ದೀನಿ. ಬೇರೆಯವರ ಕೈಯಲ್ಲಿದ್ದಾಗ ಸತ್ತ ಕ್ಯಾಮೆರಾ, ತಾವು ಮಾರುವಾಗ "ಭಾಳ ಚಲೋ ಇಟ್ಟೀನ್ರಿ, 35 ಸಾವಿರಕ್ಕ ಒಂದು ಪೈಸಾ ಕಡಿಮಿ ಇಲ್ಲ". ಸರಿಯಾದ ರೇಟ್ ಹೇಳೋರು ಇನ್‌ಬಾಕ್ಸ್‌ಗೆ ಬನ್ನಿ, ತಗೊಳ್ಳೋರನ್ನು ನಾನೇ ಕರ್ಕೊಂಡು ಬರ್ತೀನಿ. ಬಿಲ್ ಇದ್ದರೆ ತನ್ನಿ, ಇಲ್ಲದಿದ್ದರೆ ಕಡೇಪಕ್ಷ ಚಾರ್ಜರ್ ಆದ್ರೂ ಹುಡುಕಿಟ್ಟಿರಿ.