ಸಾಲ ವಸೂಲಿಗೆ ಹೊರಟ ಹುಡುಗಿ ಮತ್ತು ಎರಡು ಬಗೆಯ ಓದುಗರು

ಅಮೆರಿಕದ ಲೇಖಕಿ ನವೋಮಿ ನೋವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’ 2018ರಲ್ಲಿ ಬಂದ ಕಾದಂಬರಿ. ಜರ್ಮನಿಯ ಜನಪದ ಕಥೆಗಳನ್ನು ಕೂಡಿಸಿದ ಗ್ರಿಮ್ ಸಹೋದರರ ರಂಪಲ್‌ಸ್ಟಿಲ್ಟ್‌ಸ್ಕಿನ್ ಕಥೆಯೇ ಇದರ ಬೇರು. ಅದೇ, ಹುಲ್ಲನ್ನು ಚಿನ್ನವಾಗಿ ನೂತು ಕೊಟ್ಟ ಕುಳ್ಳನಿಗೆ ಪ್ರತಿಯಾಗಿ ಮಗುವನ್ನು ಕೊಡುತ್ತೇನೆ ಅಂತ ಮಾತು ಕೊಟ್ಟ ರಾಣಿ, ಅವನ ಹೆಸರನ್ನು ಪತ್ತೆ ಹಚ್ಚಿ ಮಗುವನ್ನು ಉಳಿಸಿಕೊಳ್ಳುವ ಕಥೆ. ನಾನಿರುವ ನ್ಯೂಜೆರ್ಸಿಯಲ್ಲಿ ಈ ಪುಸ್ತಕದ ಬಗ್ಗೆ ಎರಡು ಕಡೆ ಮಾತು ಕೇಳಿದೆ. ಒಂದು ಊರಿನ ಲೈಬ್ರರಿಯ ಓದುಗರ ಗುಂಪು, ಇನ್ನೊಂದು ನಮ್ಮ ಕನ್ನಡದವರ ಮನೆ ಕೂಟ. ಎರಡೂ ಕಡೆ ಓದಿದ್ದು ಒಂದೇ ಪುಸ್ತಕ ಅಂದರೆ ನಂಬೋದು ಕಷ್ಟ.

ಮೂಲ ಕಥೆ ಕೆಡಿಸಿದರು ಅಂತ ಮಾತ್ರ ಎಲ್ಲೂ ಯಾರೂ ಅನ್ನಲಿಲ್ಲ. ಗ್ರಿಮ್ ಸಹೋದರರೇ ಕಥೆ ಬದಲಿಸಿದವರು: 1812ರ ಮೊದಲ ಮುದ್ರಣದಲ್ಲಿ ಕುಳ್ಳ ಸಿಟ್ಟಿನಿಂದ ಓಡಿಹೋಗುತ್ತಾನೆ, ಮುಂದಿನದರಲ್ಲಿ ತನ್ನನ್ನೇ ಎರಡಾಗಿ ಸೀಳಿಕೊಳ್ಳುತ್ತಾನೆ. (ಇದೇ ಕೆಲಸವನ್ನು ರಾಮಾಯಣಕ್ಕೆ ಮಾಡಿದ್ದರೆ ನಮ್ಮ ಕೂಟ ಇಷ್ಟು ತಣ್ಣಗೆ ಇರುತ್ತಿರಲಿಲ್ಲ, ಬಿಡಿ.)

ಲೈಬ್ರರಿಯವರ ಮೊದಲ ದೂರು, ಯಾರು ಮಾತಾಡುತ್ತಿದ್ದಾರೆ ಅಂತಾನೇ ಗೊತ್ತಾಗಲ್ಲ ಅನ್ನೋದು. ನಿಜ, ಕಥೆ ಹೇಳುವವರು ಹಲವರು, ಎಲ್ಲರೂ ‘ನಾನು’ ಅಂತಲೇ ಶುರು ಮಾಡುತ್ತಾರೆ, ಅಧ್ಯಾಯದ ಮೇಲೆ ಹೆಸರೂ ಇರುವುದಿಲ್ಲ. ಆಮೇಲೆ ಹಿಮದ ರಾಜ. ಅವನು ನಾಯಕಿ ಮಿರಿಯಮ್‌ಳನ್ನು ಅವಳ ಒಪ್ಪಿಗೆ ಕೇಳದೆ ಎತ್ತಿಕೊಂಡು ಹೋಗಿ ಮದುವೆಯಾಗುತ್ತಾನೆ. ಅಂಥವನನ್ನು ಅವಳು ಕೊನೆಗೆ ಮೆಚ್ಚುವುದು ಸರಿಯಾ? ಇದರ ಮೇಲೆ ಬಹಳ ಹೊತ್ತು ಮಾತು ನಡೆಯಿತು. ಆದರೆ ಎಲ್ಲವೂ ‘ನನಗೆ ಹಿಡಿಸಿತು, ನಿಮಗೆ ಹಿಡಿಸದಿದ್ದರೂ ಪರವಾಗಿಲ್ಲ’ ಅನ್ನೋ ಧಾಟಿಯಲ್ಲೇ ಮುಗಿಯಿತು. ಜಗಳ ಇಲ್ಲ, ಕಾಫಿ ಚೆನ್ನಾಗಿತ್ತು.

ನಮ್ಮ ಕೂಟದಲ್ಲಿ ಇದ್ಯಾವುದೂ ಬರಲೇ ಇಲ್ಲ. ನಮ್ಮವರು ಹಿಡಿದುಕೊಂಡಿದ್ದು ಬಡ್ಡಿಯನ್ನು!

ಮಿರಿಯಮ್ ಯೆಹೂದಿ ಲೇವಾದೇವಿಗಾರನ ಮಗಳು. ಅಪ್ಪ ಪಾಪದವನು, ಕೊಟ್ಟ ಸಾಲ ವಾಪಸ್ ಕೇಳಲು ಸಂಕೋಚ. ಊರವರು ಅವನ ದುಡ್ಡಲ್ಲಿ ಚೆನ್ನಾಗಿದ್ದಾರೆ, ಇವನ ಮನೆಯಲ್ಲಿ ಒಲೆಗೆ ಗತಿಯಿಲ್ಲ, ಹೆಂಡತಿ ಕಾಯಿಲೆ ಬಿದ್ದಿದ್ದಾಳೆ. ಒಂದು ದಿನ ಮಗಳೇ ಲೆಕ್ಕದ ಪುಸ್ತಕ ಎತ್ತಿಕೊಂಡು ಮನೆಮನೆಗೆ ವಸೂಲಿಗೆ ಹೊರಡುತ್ತಾಳೆ. ಹಳೆಯ ಕಥೆ ಅಸಲಿಗೆ ಸಾಲ ತೀರಿಸದೆ ಜಾರಿಕೊಂಡವರ ಕಥೆ ಅನ್ನುತ್ತಾಳೆ ಅವಳು.

‘ಸಾಲವನು ಕೊಂಬಾಗ ಹಾಲೋಗರುಂಡಂತೆ’ ಅಂತ ಒಬ್ಬರು ಸರ್ವಜ್ಞನನ್ನು ಶುರು ಮಾಡಿದರು. ಸಾಲಿಗ ಬಂದು ಎಳೆವಾಗ ಕಿಬ್ಬದಿಯ ಕೀಲು ಮುರಿಯುವುದು ಸಾಲ ತಗೊಂಡವನದು, ಸರ್ವಜ್ಞ ನೋಡಿದ್ದು ಆ ಕಡೆಯಿಂದ, ಈ ಹೆಂಗಸು ಬರೆದಿದ್ದು ಈ ಕಡೆಯಿಂದ, ಅಂತ ಅವರ ವಾದ. ಮಂಡ್ಯ ಕಡೆಯ ಗೆಳೆಯರೊಬ್ಬರು ಕೆರಳಿದರು. ಅವರ ತಾತನ ಗದ್ದೆ ಸಾಹುಕಾರನ ಪಾಲಾಗಿತ್ತಂತೆ. “ವಸೂಲಿಗೆ ಬಂದವಳ ಮೇಲೆ ನನಗ್ಯಾಕ್ರೀ ಕನಿಕರ ಬರ್ಬೇಕು?” ಅಂದರು. ಆಗ ಇನ್ನೊಬ್ಬರು ಯುರೋಪಿನ ಚರಿತ್ರೆ ತೆಗೆದರು. ಯೆಹೂದಿಗಳಿಗೆ ಎಷ್ಟೋ ಕಡೆ ಜಮೀನು ಕೊಳ್ಳಲು ಬಿಡುತ್ತಿರಲಿಲ್ಲ, ಕಸುಬಿನ ಸಂಘಗಳಿಗೂ ಸೇರಿಸುತ್ತಿರಲಿಲ್ಲ. ಕ್ರೈಸ್ತರು ಬಡ್ಡಿಗೆ ಕೊಡಬಾರದು ಅಂತ ಚರ್ಚಿನ ಕಟ್ಟಳೆ ಬೇರೆ. ಉಳಿದ ಕೆಲಸ ಇದೇ. ಮಾಡಿದರೆ ಬೈಗುಳ, ಮಾಡದಿದ್ದರೆ ಉಪವಾಸ. ಮಂಡ್ಯದವರು ಒಪ್ಪಲಿಲ್ಲ, ಆದರೆ ಸ್ವಲ್ಪ ಹೊತ್ತು ಸುಮ್ಮನಾದರು.

ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಇಷ್ಟವಾಗಿದ್ದು ವಾಂಡಾ. ಕುಡುಕ ಅಪ್ಪನ ಸಾಲ ತೀರಿಸಲು ಮಿರಿಯಮ್ ಮನೆಗೆ ಜೀತಕ್ಕೆ ಬಂದವಳು. ನಾವೆಲ್ಲ ಅಯ್ಯೋ ಅನ್ನಬೇಕು, ಅವಳಿಗೆ ಮಾತ್ರ ಖುಷಿ. ಅಪ್ಪನ ಏಟಿಲ್ಲ, ಹೊಟ್ಟೆಗೆ ಊಟ ಇದೆ. ಲೆಕ್ಕದ ಪುಸ್ತಕದ ಅಂಕಿಗಳು ಅವಳ ಕಣ್ಣಿಗೆ ಮಾಟದ ಹಾಗೆ ಕಾಣುತ್ತವೆ. ಸಾಲ ಬೇಗ ತೀರದಿರಲಿ ಅಂತ ಬಯಸುವ ಹುಡುಗಿ. ಲೈಬ್ರರಿಯಲ್ಲಿ ಇವಳನ್ನು ‘ಸೈಡ್ ಕ್ಯಾರೆಕ್ಟರ್’ ಅಂತ ಒಂದೇ ಮಾತಲ್ಲಿ ದಾಟಿದರು. ನಮ್ಮಲ್ಲಿ ಜೀತ ಅಂದಕೂಡಲೇ ಎಲ್ಲರಿಗೂ ಒಂದೊಂದು ನೆನಪು.

ಪುಸ್ತಕದ ಪಾತ್ರಗಳನ್ನು ಪಕ್ಕದ ಮನೆಯವರೋ ಎಂಬಂತೆ ನ್ಯಾಯಕ್ಕೆ ಕೂರಿಸುವ ನಮ್ಮ ರೀತಿಯೇ ನನಗೆ ಹತ್ತಿರ. ಆದರೆ ಹಿಮದ ರಾಜ ಹುಡುಗಿಯನ್ನು ಎತ್ತಿಕೊಂಡು ಹೋದದ್ದರ ಬಗ್ಗೆ ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕಥೆಗಳಲ್ಲಿ ಹೀಗೇ ಅಂತ ಸುಮ್ನೆ ದಾಟಿಬಿಟ್ಟೆವು, ನಾನೂ ಸೇರಿ. ಚಕ್ರಬಡ್ಡಿಯನ್ನು ಪೈಸೆ ಬಿಡದೆ ಲೆಕ್ಕ ಹಾಕಿದ ನಮಗೆ ಇದು ಲೆಕ್ಕಕ್ಕೇ ಬರಲಿಲ್ಲ ಯಾಕೆ ಅಂತ ಮುಂದಿನ ಸಲ ಕೇಳಬೇಕು. ಮಂಡ್ಯದವರನ್ನೇ ಮೊದಲು ಕೇಳುತ್ತೇನೆ, ಅವರಿಗೆ ಇಬ್ಬರು ಹೆಣ್ಣುಮಕ್ಕಳು.