ಕಾರು ಬಂದರೆ ಟ್ರಾಫಿಕ್, ಹೋದರೆ ವ್ಯಾಪಾರ

ಹೊಸ ಕಾರ್ ಶೋರೂಂ ಒಂದಕ್ಕೆ ಅನುಮತಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಗೆ ಮೊನ್ನೆ ಹೋಗಿದ್ದೆ. ಬಾಗಿಲಲ್ಲೇ ಒಂದು ರಿಜಿಸ್ಟರ್ ಇಟ್ಟಿದ್ದರು. ಹೆಸರು, ಬಂದ ಸಮಯ, ವಾಹನದ ನಂಬರ್. ನಾನು ನಡೆದುಕೊಂಡು ಬಂದವನು. ಕೊನೆಯ ಕಾಲಂ ಖಾಲಿ ಬಿಟ್ಟೆ. "ಏನಾದರೂ ಬರೀರಿ, ಇಲ್ಲದಿದ್ದರೆ ಎಂಟ್ರಿ ಪೂರ್ತಿ ಆಗಲ್ಲ" ಎಂದರು ಅಲ್ಲಿ ಕೂತಿದ್ದವರು. "ಎರಡು ಕಾಲು" ಎಂದು ಬರೆದೆ. ಅವರು ಅದನ್ನು ಎರಡೂಕಾಲು ಎಂದು ಓದಿಕೊಂಡು, ಸಮಯದ ಕಾಲಂಗೆ ಒಂದು ಬಾಣ ಎಳೆದರು. ಸಂಜೆ ಆರರ ಸಭೆಗೆ ನಾನು ಮಧ್ಯಾಹ್ನವೇ ಬಂದು ಕಾದಿದ್ದೇನೆ ಎಂದು ಈಗ ಸರ್ಕಾರಿ ದಾಖಲೆಯಲ್ಲಿದೆ.

ಮೊದಲ ಒಂದೂವರೆ ಗಂಟೆ ಹೋಗಿದ್ದು ಬೇಲಿಗಿಡಕ್ಕೆ. ನಿಂತ ಕಾರುಗಳು ರಸ್ತೆಗೆ ಕಾಣಬಾರದು, ಗಿಡದ ಮರೆ ಇರಬೇಕು ಎಂಬುದು ನಿಯಮ. ಶೋರೂಂ ಮಾಲೀಕರು ಕಂಗಾಲು. "ಸಾರ್, ಜನ ನೋಡಲಿ ಅಂತಾನೇ ಅಲ್ವಾ ಅವನ್ನ ಅಲ್ಲಿ ನಿಲ್ಲಿಸೋದು?" ಮಂಡಳಿಯವರು ತಲೆಗೆ ತಲೆ ಕೊಟ್ಟು ಚರ್ಚಿಸಿದರು. ಕೊನೆಗೆ ಒಂದು ಸೂಕ್ಷ್ಮ ಸಿಕ್ಕಿತು. ಮಾರೋಕೆ ನಿಲ್ಲಿಸಿದ್ದು ಪ್ರದರ್ಶನ, ಕೊಳ್ಳೋಕೆ ಬಂದವರು ನಿಲ್ಲಿಸಿದ್ದು ಪಾರ್ಕಿಂಗ್. ಪ್ರದರ್ಶನ ಕಾಣಬಹುದು, ಪಾರ್ಕಿಂಗ್ ಕಾಣಬಾರದು. ಎರಡೂ ಒಂದೇ ಕಂಪನಿಯ, ಒಂದೇ ಬಣ್ಣದ ಕಾರು ಆಗಿದ್ದರೆ? ಗಾಜಿನ ಮೇಲೆ ಬೆಲೆಚೀಟಿ ಇದೆಯೋ ಇಲ್ಲವೋ ನೋಡಬೇಕಂತೆ. ಚೀಟಿ ಅಂಟಿಸಿದರೆ ಶೋಭೆ, ಕಿತ್ತರೆ ಕೊಳಕು.

ಆಮೇಲೆ ಮರಗಳು. ಒಂದು ಇಲಾಖೆಯ ಪ್ರಕಾರ ಮೂಲೆಯಲ್ಲಿ ಮರ ನೆಡಲೇಬೇಕು, ನೆರಳಿಗೆ. ಇನ್ನೊಂದು ಇಲಾಖೆಯ ಪ್ರಕಾರ ಮೂಲೆಯಲ್ಲಿ ಏನೂ ಇರಬಾರದು, ಗೇಟಿನಿಂದ ಬರುವವರಿಗೆ ರಸ್ತೆ ಕಾಣಬೇಕಲ್ಲ. ಎರಡೂ ಸರಿ. ಅದಕ್ಕೇ ಎರಡನ್ನೂ ಒಪ್ಪಿದರು. ಮರ ನೆಡಬೇಕು, ಆದರೆ ಅದು ಮೊಣಕಾಲಿಗಿಂತ ಎತ್ತರ ಬೆಳೆಯಬಾರದು. ಮರಕ್ಕೆ ಇದನ್ನು ಯಾರು ತಿಳಿಸುತ್ತಾರೆ ಎಂಬುದನ್ನು ಮುಂದಿನ ಸಭೆಗೆ ಇಟ್ಟುಕೊಂಡರು.

ನನಗೆ ಇಷ್ಟವಾದದ್ದು ಸಂಚಾರ ತಜ್ಞರ ಭಾಗ. ಇಂಥ ವರದಿಗಳಿಗೆ ಸಿದ್ಧ ಕೋಷ್ಟಕಗಳಿವೆ. ಅಮೆರಿಕದ ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ ಐಟಿಇ ಪ್ರಕಟಿಸುವ ಕೋಷ್ಟಕದಲ್ಲಿ ಹೊಸ ಕಾರಿನ ಮಳಿಗೆಗೆ 840 ಎಂಬ ಗುರುತು ಸಂಖ್ಯೆ, ಹಳೆಯ ಕಾರಿನದಕ್ಕೆ 841. ಕಟ್ಟಡ ಎಷ್ಟು ದೊಡ್ಡದು ಎಂದು ಹೇಳಿದರೆ ಸಾಕು, ದಿನಕ್ಕೆ ಎಷ್ಟು ವಾಹನ ಬಂದು ಹೋಗುತ್ತವೆ ಎಂಬ ಅಂದಾಜು ಸಿಗುತ್ತದೆ. ಪೀಕ್ ಅವರ್‌ಗೆ ಬೇರೆ ಲೆಕ್ಕ. ತಜ್ಞರು ಎಲ್ಲವನ್ನೂ ಚೆಂದವಾಗಿ ಕೂಡಿಸಿದ್ದರು. ಕೆಲಸಗಾರರು, ಗ್ರಾಹಕರು, ಸರ್ವಿಸಿಗೆ ಬರುವವರು, ಹೊಸ ಕಾರುಗಳನ್ನು ಹೊತ್ತು ತರುವ ಉದ್ದ ಟ್ರಕ್ಕು.

ನಾನು ಕೈ ಎತ್ತಿದೆ. "ಸಾರ್, ಇಲ್ಲಿ ಮಾರಾಟವಾಗುವ ಕಾರುಗಳು?"

"ಸೇರಿಸಿದ್ದೇವೆ. ಗೇಟು ದಾಟುವಾಗ ಒಂದು ಟ್ರಿಪ್."

"ಗೇಟು ದಾಟಿದ ಮೇಲೆ?"

"ಆಮೇಲೆ ಅದು ಶೋರೂಂನ ಟ್ರಾಫಿಕ್ ಅಲ್ಲ. ಹಿನ್ನೆಲೆ ಬೆಳವಣಿಗೆ."

ಇದು ಅವರು ಹುಟ್ಟಿಸಿದ ಮಾತಲ್ಲ, ಇಂಥ ವರದಿಗಳಲ್ಲಿ ನಿಜಕ್ಕೂ ಇರುವ ಲೆಕ್ಕ. ರಸ್ತೆಯಲ್ಲಿ ವಾಹನ ಪ್ರತಿ ವರ್ಷ ಇಷ್ಟು ಪ್ರತಿಶತ ಜಾಸ್ತಿ ಆಗುತ್ತದೆ ಎಂದು ಮೊದಲೇ ಹಿಡಿದುಕೊಳ್ಳುತ್ತಾರೆ. ಅದಕ್ಕೆ ಅಪ್ಪ ಅಮ್ಮ ಇಲ್ಲ. ಎಲ್ಲಿಂದಲೋ ಬರುತ್ತದೆ, ಮೋಡದ ಹಾಗೆ. ಕಾರು ಮಾರುವ ಅಂಗಡಿಯಿಂದ ಮಾತ್ರ ಬರೋದಿಲ್ಲ. ಕಾರು ಕೊಳ್ಳಲು ಒಳಗೆ ಬಂದವನು ಟ್ರಾಫಿಕ್. ಕೊಂಡು ಹೊರಗೆ ಹೋದವನು ವ್ಯಾಪಾರ. ಮರುದಿನ ಅದೇ ಮನುಷ್ಯ ಅದೇ ಸಿಗ್ನಲ್ಲಿನಲ್ಲಿ ನಿಂತರೆ ಹಿನ್ನೆಲೆ.

ಪಾರ್ಕಿಂಗ್ ವಿಷಯ ಇನ್ನೂ ಸೊಗಸು. ಇನ್ನೂರು ಕಾರು ನಿಲ್ಲುವ ಅಂಗಳ ನಕ್ಷೆಯಲ್ಲಿದೆ. ಆದರೂ "ಪಾರ್ಕಿಂಗ್ ಕೊರತೆ" ಎಂದು ಷರಾ ಬರೆದಿದ್ದರು, ಯಾಕೆಂದರೆ ಆ ಇನ್ನೂರೂ ಸರಕು. ಕಟ್ಟಡದ ಅಳತೆಗೆ ತಕ್ಕಂತೆ ಕನಿಷ್ಠ ಇಷ್ಟು ಜಾಗ ಬೇರೆ ಬಿಡಬೇಕು. ಈ ಅನುಪಾತಗಳಲ್ಲಿ ಲೆಕ್ಕಕ್ಕಿಂತ ಊಹೆಯೇ ಜಾಸ್ತಿ ಎಂದು ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ದಶಕಗಳ ಕಾಲ ಹೇಳಿದರು. ಅಮೆರಿಕದ ಬಫಲೋ ನಗರ 2017ರಲ್ಲಿ ಕನಿಷ್ಠ ಪಾರ್ಕಿಂಗ್ ನಿಯಮವನ್ನೇ ಕೈಬಿಟ್ಟಿತು. ನಾನು ಇದನ್ನು ಹೇಳಲು ಬಾಯಿ ತೆರೆದೆ. "ವಿಷಯಕ್ಕೆ ಸಂಬಂಧಪಟ್ಟದ್ದು ಮಾತ್ರ" ಎಂದರು ಅಧ್ಯಕ್ಷರು.

ಸುಮ್ನೆ ಕೂತು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಅಂದರೆ 12.5 ಚದರ ಮೀಟರ್. ತಿರುಗಿಸುವ ದಾರಿ ಸೇರಿದರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಇನ್ನೂರು ಕಾರಿಗೆ 5,000 ಚದರ ಮೀಟರ್ ಡಾಂಬರು. ಅದರ ಮೇಲೆ 30 ಮಿಲಿಮೀಟರ್ ಮಳೆ ಬಿದ್ದರೆ ಒಂದೂವರೆ ಲಕ್ಷ ಲೀಟರ್ ನೀರು. ಮೊದಲು ಅದು ಮಣ್ಣಿಗೆ ಇಳಿಯುತ್ತಿತ್ತು, ಇನ್ನು ಮೇಲೆ ತಗ್ಗಿನ ಮನೆಗಳ ಕಡೆಗೆ ಹೋಗುತ್ತದೆ. "ನೀರಿಗೆ ಏನು ವ್ಯವಸ್ಥೆ?" ಎಂದು ಒಬ್ಬ ಸದಸ್ಯೆ ಕೇಳಿದರು. "ಹೊಂಡ ಇದೆ, ಮೇಡಂ." "ಸರಿ." ಅಷ್ಟೇ. ಬೇಲಿಗಿಡಕ್ಕೆ ತೊಂಬತ್ತು ನಿಮಿಷ, ನೀರಿಗೆ ನಾಲ್ಕು ಪದ. ಗಿಡ ಕಣ್ಣಿಗೆ ಕಾಣುತ್ತದೆ, ಹೊಂಡ ನಕ್ಷೆಯ ಕೊನೆಯ ಹಾಳೆಯಲ್ಲಿತ್ತು.

ದೀಪದ ಕಂಬ, ಬೋರ್ಡಿನ ಎತ್ತರ, ಬಾವುಟಗಳು, ಇವೆಲ್ಲ ಚಕಚಕ ಮುಗಿದವು. ಬಾವುಟ ಇಡಬಹುದು, ಆದರೆ ಹಾರಾಡಬಾರದು.

ಕೊನೆಗೆ ಅಕ್ಕಪಕ್ಕದ ಮನೆಯವರ ಸರದಿ. ಒಬ್ಬರು ತುಂಬಾ ಆವೇಶದಿಂದ ಮಾತಾಡಿದರು. "ಈಗಲೇ ನಮ್ಮ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇಲ್ಲ, ಎಲ್ಲಿ ನೋಡಿದರೂ ಕಾರು!" ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಾವಲುಗಾರ ಬಂದು, ಬಿಳಿ ಕಾರೊಂದು ಗೇಟಿಗೆ ಅಡ್ಡ ನಿಂತಿದೆ, ಯಾರದು ಎಂದು ಕೇಳಿದ. ಅವರೇ ಕೀ ಹಿಡಿದು ಓಡಿದರು. ಇನ್ನೊಬ್ಬರು ಟೆಸ್ಟ್ ಡ್ರೈವ್ ತಮ್ಮ ರಸ್ತೆಯಲ್ಲಿ ಬೇಡ, ಪಕ್ಕದ ರಸ್ತೆಯಲ್ಲಿ ಇರಲಿ ಎಂದರು. ಪಕ್ಕದ ರಸ್ತೆಯವರು ಹಿಂದಿನ ಬೆಂಚಿನಲ್ಲೇ ಇದ್ದರು. ಅಲ್ಲಿಂದ ಮುಂದೆ ಏನೂ ಕೇಳಿಸಲಿಲ್ಲ.

ಒಂಬತ್ತೂವರೆಗೆ ಸಭೆ ಮುಂದಕ್ಕೆ ಹೋಯಿತು. ಹೊರಗೆ ಬಂದರೆ ಅಂಗಳದ ಅಷ್ಟೂ ಕಾರು ಒಟ್ಟಿಗೇ ಹೊರಟು ಗೇಟಿನಲ್ಲಿ ಸಿಕ್ಕಿಕೊಂಡಿವೆ. ಹಾರ್ನೋ ಹಾರ್ನು. ನಾನು ಸಂದಿಯಲ್ಲಿ ತೂರಿಕೊಂಡು ಹೊರಟೆ. ಸಾಲಿನ ನಡುವೆ ಸಂಚಾರ ತಜ್ಞರೂ ಇದ್ದರು. ಗಾಜು ಇಳಿಸಿ, ಸಮಾಧಾನವಾಗಿ ಹೇಳಿದರು:

"ಇದು ಪೀಕ್ ಅವರ್ ಅಲ್ಲ, ಲೆಕ್ಕಕ್ಕೆ ಬರಲ್ಲ."